ಚಳಿಗಾಲದ ಬ್ಯಾಸ್ ಮೀನಿಗೆ ಯಾವ ಲೂರ್, ಯಾವ ಸಾಮಾನು? ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಕೊನೆ ಬಂತು ಅಂದರೆ ಡಲ್ಲಾಸ್ ಕಡೆಯ ಕನ್ನಡದವರಿಂದ ನನಗೆ ಇವೇ ಪ್ರಶ್ನೆಗಳು ಬರುತ್ತವೆ. ಫೋನಿನಲ್ಲಿ, ಹಬ್ಬದ ಊಟದಲ್ಲಿ, ಕೆರೆ ದಡದಲ್ಲಿ. ಬ್ಯಾಸ್ ಅಂದರೆ ಇಲ್ಲಿನ ಕೆರೆಗಳ ಬೇಟೆಗಾರ ಮೀನು, ಲೂರ್ ಅಂದರೆ ಅದನ್ನು ಸೆಳೆಯಲು ಗಾಳಕ್ಕೆ ಕಟ್ಟುವ ನಕಲಿ ಆಹಾರ. ಉತ್ತರಗಳನ್ನೆಲ್ಲ ಟೆಕ್ಸಸ್‌ನ ಕೆರೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮಿನ್ನೆಸೋಟದಂಥ ಕಡೆ ಇರುವವರಿಗೆ ಇದು ಹೊಂದುವುದಿಲ್ಲ. ಅಲ್ಲಿ ಕೆರೆಯೇ ಹೆಪ್ಪುಗಟ್ಟುತ್ತದೆ, ಐಸ್ ಕೊರೆದು ಮೀನು ಹಿಡಿಯುವುದು ಬೇರೆಯೇ ವಿದ್ಯೆ.

## ಮೊದಲ ಸಲ ಹೋಗುವವರಿಗೆ

ಇಷ್ಟು ಚಳೀಲಿ ಮೀನು ಕಚ್ಚುತ್ತಾ? ಸುಮ್ನೆ ಹೋಗಿ ನಡುಗಿಕೊಂಡು ಬರೋದಾ?

ಕಚ್ಚುತ್ತದೆ. ಟೆಕ್ಸಸ್ ರಾಜ್ಯದ ದಾಖಲೆಯ ಲಾರ್ಜ್‌ಮೌತ್ ಬ್ಯಾಸ್ ಸಿಕ್ಕಿದ್ದೇ ಚಳಿಗಾಲದಲ್ಲಿ. 1992ರ ಜನವರಿ 24ರಂದು ಬ್ಯಾರಿ ಸೇಂಟ್ ಕ್ಲೇರ್ ಅನ್ನುವವರು ಲೇಕ್ ಫೋರ್ಕ್‌ನಲ್ಲಿ ಹಿಡಿದರು. ತೂಕ 18.18 ಪೌಂಡ್, ಅಂದರೆ 8 ಕಿಲೋಗಿಂತ ಜಾಸ್ತಿ. ಅವರು ಅವತ್ತು ಬ್ಯಾಸ್‌ಗೆ ಅಂತ ಹೋದವರೇ ಅಲ್ಲ, ಕ್ರ್ಯಾಪಿ ಅನ್ನುವ ಚಿಕ್ಕ ಮೀನಿಗೆ ಗಾಳ ಬಿಟ್ಟಿದ್ದರು. ಟೆಕ್ಸಸ್ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಇಲಾಖೆ 13 ಪೌಂಡ್ ದಾಟಿದ ಮೀನುಗಳನ್ನು ಮರಿ ಮಾಡಿಸಲು ಜನರಿಂದ ಪಡೆಯುತ್ತದೆ. ಅದಕ್ಕೆ ಇಟ್ಟಿರುವ ಅವಧಿ ಜನವರಿ 1ರಿಂದ ಮಾರ್ಚ್ 31. ಮೊಟ್ಟೆ ತುಂಬಿದ ದೊಡ್ಡ ಹೆಣ್ಣು ಮೀನುಗಳು ಸಿಗುವ ಕಾಲ ಅದು.

ಆದರೆ ಬೇಸಿಗೆಯ ಹಾಗೆ ಹಿಡಿಯಲು ಹೋದರೆ ಬರಿಗೈ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ನೀರು ತಣ್ಣಗಾದಷ್ಟೂ ಅದಕ್ಕೆ ತಿಂದದ್ದು ಅರಗುವುದು ನಿಧಾನ, ಹಸಿವು ಕಮ್ಮಿ. ಓಡಿ ಬೇಟೆಯಾಡುವುದಿಲ್ಲ. ಮೂತಿಯ ಮುಂದೆಯೇ ನಿಧಾನವಾಗಿ ಬಂದದ್ದನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತದೆ. ಹಾಗಾಗಿ ಚಳಿಗಾಲದಲ್ಲಿ ಲೂರ್ ಆರಿಸುವುದು ಅಂದರೆ ಎಷ್ಟು ಆಳ, ಎಷ್ಟು ನಿಧಾನ ಅನ್ನುವುದನ್ನು ಆರಿಸುವುದು. ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ.

ಊರಲ್ಲಿ ಎರೆಹುಳ ಸಿಕ್ಕಿಸಿ ಕೂರ್ತಿದ್ವಿ. ಇಲ್ಲಿ ಯಾಕೆ ಈ ಪ್ಲಾಸ್ಟಿಕ್ಕು, ಲೋಹ ಎಲ್ಲ?

ಎರೆಹುಳಕ್ಕೂ ಬ್ಯಾಸ್ ಬೀಳುತ್ತದೆ, ತಪ್ಪೇನಿಲ್ಲ. ಆದರೆ ಹುಳ ಹಾಕಿದರೆ ಮೀನು ಕೊಕ್ಕೆಯನ್ನು ಗಂಟಲ ತನಕ ನುಂಗುವುದು ಜಾಸ್ತಿ. ಲೂರ್ ಆದರೆ ಹೆಚ್ಚಾಗಿ ತುಟಿಯಲ್ಲೇ ಸಿಕ್ಕುತ್ತದೆ, ಬಿಡಿಸಿ ನೀರಿಗೆ ಬಿಡುವುದು ಸುಲಭ. ಲೂರ್ ಅಂದರೆ ಮರಿಮೀನು, ಸೀಗಡಿ, ಹುಳದ ಹಾಗೆ ಕಾಣುವ ಅಥವಾ ಅಲುಗಾಡುವ ನಕಲಿ ಅಷ್ಟೇ. ಇಲ್ಲಿನ ಬ್ಯಾಸ್‌ನ ಮುಖ್ಯ ಊಟ ಶ್ಯಾಡ್ ಅನ್ನುವ ಬೆಳ್ಳಿ ಬಣ್ಣದ ಸಣ್ಣ ಮೀನು ಮತ್ತು ಸೀಗಡಿಯಂಥ ಕ್ರಾಫಿಶ್. ಅಂಗಡಿಯಲ್ಲಿ ನೂರು ಬಗೆಯ ಲೂರ್ ಕಂಡರೂ ಚಳಿಗಾಲದವು ಹೆಚ್ಚಿನವು ಈ ಎರಡರ ನಕಲೇ.

ಲೈಸೆನ್ಸ್ ಬೇಕಾ? ಅಪ್ಪ ಊರಿಂದ ಬಂದಿದಾರೆ, ಅವರಿಗೂ ಬೇಕಾ?

17 ವರ್ಷ ತುಂಬಿದವರಿಗೆ ಬೇಕು. ಸಾಮಾನ್ಯ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೋದ ಬೇಸಿಗೆಯದು ಜೇಬಲ್ಲಿದೆ ಅಂತ ಡಿಸೆಂಬರಿನಲ್ಲಿ ಹೋಗಬೇಡಿ, ದಿನಾಂಕ ನೋಡಿಕೊಳ್ಳಿ. ಒಂದು ಒಳ್ಳೇ ದಾರಿ ಇದೆ: ಟೆಕ್ಸಸ್‌ನ ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಅಥವಾ ಕಟ್ಟೆಯಿಂದ ಹಿಡಿಯಲು ಲೈಸೆನ್ಸೇ ಬೇಡ. ಜೋ ಪೂಲ್ ಕೆರೆ ದಡದ ಸೀಡರ್ ಹಿಲ್ ಸ್ಟೇಟ್ ಪಾರ್ಕ್ ಡಲ್ಲಾಸ್‌ಗೆ ಹತ್ತಿರ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಪ್ರವೇಶದ ಟಿಕೆಟ್ ಅಷ್ಟೇ ಖರ್ಚು.

ನಾವು ಮೀನು ತಿನ್ನಲ್ಲ. ಹಿಡಿದು ಬಿಡೋದು ಪಾಪ ಅಲ್ವಾ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ತಾಯಿಯೂ ಕೇಳಿದ್ದರು. ಕೊಕ್ಕೆ ಮೀನಿಗೆ ತೊಂದರೆ ಕೊಡುತ್ತದೆ, ಅದನ್ನು ಮುಚ್ಚಿಟ್ಟು ಮಾತಾಡಬಾರದು. ಮನಸ್ಸು ಒಪ್ಪದಿದ್ದರೆ ಹೋಗಬೇಡಿ. ಹೋಗುವುದಾದರೆ ತೊಂದರೆ ಕಮ್ಮಿ ಮಾಡುವುದು ನಮ್ಮ ಕೈಯಲ್ಲಿದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಅಂಟಿ ಹೋಗುತ್ತದೆ. ಒಣ ಕಲ್ಲು, ಕಾಂಕ್ರೀಟಿನ ಮೇಲೆ ಮಲಗಿಸಬೇಡಿ. ದೊಡ್ಡ ಮೀನನ್ನು ದವಡೆ ಹಿಡಿದು ನೇತಾಡಿಸದೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಿ. ಫೋಟೋ ಬೇಕಾದರೆ ಮೀನು ನೀರಲ್ಲಿರುವಾಗಲೇ ಫೋನ್ ತಯಾರಿರಲಿ. ತಣ್ಣನೆ ನೀರಿನಲ್ಲಿ ಆಮ್ಲಜನಕ ಜಾಸ್ತಿ ಇರುವುದರಿಂದ, ಬಿಟ್ಟ ಮೀನು ಸುಧಾರಿಸಿಕೊಳ್ಳಲು ಚಳಿಗಾಲ ಒಳ್ಳೇ ಕಾಲವೇ.

## ರಾಡ್, ರೀಲ್, ದಾರ

ಒಂದೇ ಒಂದು ರಾಡ್ ತಗೊಳ್ಳೋದಾದ್ರೆ ಯಾವುದು?

ಏಳು ಅಡಿಯ ಸ್ಪಿನ್ನಿಂಗ್ ರಾಡ್ (ರೀಲ್ ಕೆಳಗೆ ನೇತಾಡುವಂಥದ್ದು), ಮೀಡಿಯಂ ಪವರ್, ಫಾಸ್ಟ್ ಆ್ಯಕ್ಷನ್. ಫಾಸ್ಟ್ ಅಂದರೆ ತುದಿ ಮಾತ್ರ ಬಾಗುತ್ತದೆ, ಕೆಳಗಿನ ಭಾಗ ಗಟ್ಟಿ. ಜತೆಗೆ 2500 ಅಳತೆಯ ರೀಲ್. ಎರಡೂ ಸೇರಿ ನೂರು ಡಾಲರ್ ಒಳಗೆ ಚೆನ್ನಾಗಿರುವುದೇ ಸಿಗುತ್ತದೆ. ದುಡ್ಡು ಜಾಸ್ತಿ ಇದ್ದರೆ ಅದನ್ನು ರೀಲಿಗಿಂತ ರಾಡಿಗೆ ಹಾಕಿ. ಚಳಿಗಾಲದ ಕಚ್ಚು ಅಷ್ಟು ಮೆತ್ತಗೆ, ಅದನ್ನು ಕೈಗೆ ತಿಳಿಸುವುದು ರಾಡ್.

ಎರಡನೆಯದು ತೆಗೆದುಕೊಳ್ಳುವ ಹೊತ್ತಿಗೆ ಏಳು ಅಡಿಯ ಮೀಡಿಯಂ ಹೆವಿ ಬೇಟ್‌ಕಾಸ್ಟಿಂಗ್ ರಾಡ್ (ರೀಲ್ ಮೇಲೆ ಕೂರುವಂಥದ್ದು) ತೆಗೆದುಕೊಳ್ಳಿ. ಅರ್ಧ ಔನ್ಸ್ ಜಿಗ್ ಎಸೆಯಲು, ಮುಳುಗಿದ ಮರದ ಮಧ್ಯದಿಂದ ಮೀನನ್ನು ಎಳೆದು ತರಲು ಅದೇ ಸರಿ.

ಬ್ರೇಡ್, ಫ್ಲೋರೋಕಾರ್ಬನ್, ನೈಲಾನ್ ಅಂತ ಮೂರು ಇದೆ. ಯಾವ ದಾರ ಹಾಕಲಿ?

ಸ್ಪಿನ್ನಿಂಗ್ ರೀಲಿಗೆ 10 ಪೌಂಡ್ ಭಾರ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ, ಸುತ್ತಿ, ಅದರ ತುದಿಗೆ ಆರೆಂಟು ಅಡಿ 8 ಪೌಂಡ್ ಫ್ಲೋರೋಕಾರ್ಬನ್ ಕಟ್ಟಿ. ಬ್ರೇಡ್ ಹಿಗ್ಗುವುದಿಲ್ಲ, ದೂರದ ಸಣ್ಣ ತಟ್ಟೂ ಗೊತ್ತಾಗುತ್ತದೆ. ಫ್ಲೋರೋಕಾರ್ಬನ್ ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ, ಮುಳುಗುತ್ತದೆ ಕೂಡ. ಬೇಟ್‌ಕಾಸ್ಟಿಂಗ್ ರೀಲಿಗೆ ಸೀದಾ 12ರಿಂದ 15 ಪೌಂಡ್ ಫ್ಲೋರೋಕಾರ್ಬನ್. ನೈಲಾನ್ ಅಗ್ಗ, ಬೇಸಿಗೆಗೆ ಸಾಕು. ಹಿಗ್ಗುವ ಗುಣದಿಂದಾಗಿ ಚಳಿಗಾಲದ ಕಚ್ಚನ್ನು ಅದು ಅರ್ಧಕ್ಕರ್ಧ ನುಂಗಿಬಿಡುತ್ತದೆ.

ಎರಡು ಎಚ್ಚರಿಕೆ. ಫ್ಲೋರೋಕಾರ್ಬನ್ ಗಂಟನ್ನು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ತಿಕ್ಕಾಟದ ಬಿಸಿಗೆ ದಾರ ಅಲ್ಲೇ ಸೊರಗುತ್ತದೆ, ದೊಡ್ಡ ಮೀನು ಬಂದಾಗ ಅಲ್ಲೇ ಕಡಿಯುತ್ತದೆ. ಇನ್ನೊಂದು, ಬ್ರೇಡ್ ನೀರು ಹೀರಿಕೊಳ್ಳುತ್ತದೆ. ಸೊನ್ನೆ ಡಿಗ್ರಿಯ ಬೆಳಿಗ್ಗೆ ಆ ನೀರು ರಾಡಿನ ಬಳೆಗಳಲ್ಲಿ ಐಸ್ ಆಗಿ ಕೂರುತ್ತದೆ. ರಾಡಿನ ತುದಿಯನ್ನು ನೀರಲ್ಲಿ ಒಂದು ನಿಮಿಷ ಅದ್ದಿದರೆ ಕರಗುತ್ತದೆ. ಉಗುರಿನಿಂದ ಕೆರೆದು ಬಳೆಯ ಒಳಗಿನ ಉಂಗುರ ಒಡೆದುಕೊಳ್ಳಬೇಡಿ.

ರೀಲಿನ ಗೇರ್ ರೇಶಿಯೋ ನಿಧಾನದ್ದೇ ಬೇಕಾ?

ಬೇಡ. ನಿಧಾನ ಮಾಡಬೇಕಾದ್ದು ಕೈ. ಇದ್ದ ರೀಲಿನಲ್ಲೇ ನಿಧಾನವಾಗಿ ಸುತ್ತಿ. ಅವಸರದ ಕೈಯಾದರೆ ಮಾತ್ರ 5ರಿಂದ 6ರ ಆಸುಪಾಸಿನದು, ಅಂದರೆ ಹಿಡಿ ಒಂದು ಸುತ್ತು ತಿರುಗಿದರೆ ರೀಲು ಐದಾರು ಸುತ್ತು ತಿರುಗುವಂಥದ್ದು, ತೆಗೆದುಕೊಳ್ಳಿ.

ಏನು ಬಟ್ಟೆ ಹಾಕ್ಕೊಂಡು ಹೋಗ್ಬೇಕು?

ಮೈಗೆ ಅಂಟಿದ್ದು ಹತ್ತಿ ಆಗಬಾರದು. ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಗಾಳಿ ಬಂದಾಗ ನಡುಕ ಶುರು. ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಗೆ, ಅದರ ಮೇಲೆ ಬೆಚ್ಚನೆಯದು, ಎಲ್ಲದರ ಮೇಲೆ ಗಾಳಿ ತಡೆಯುವ ಜಾಕೆಟ್. ಬೆರಳ ತುದಿ ತೆರೆದಿರುವ ಕೈಗವಸು. ಫ್ಲಾಸ್ಕಿನಲ್ಲಿ ಬಿಸಿ ಕಾಫಿ.

ದೋಣಿಯಲ್ಲಿ ಹೋಗುವವರಿಗೆ ಇದಕ್ಕಿಂತ ದೊಡ್ಡ ಮಾತಿದೆ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ತಣ್ಣೀರಿಗೆ ಬಿದ್ದವರ ಬಗ್ಗೆ 1-10-1 ಅನ್ನುವ ಲೆಕ್ಕ ಇದೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ನಮ್ಮ ಮಾತು ಕೇಳುವುದು 10 ನಿಮಿಷ, ಎಚ್ಚರ ತಪ್ಪಲು ಸುಮಾರು 1 ಗಂಟೆ. ಎಷ್ಟೇ ಚೆನ್ನಾಗಿ ಈಜು ಬರಲಿ, ಮೊದಲ ನಿಮಿಷದಲ್ಲಿ ಏದುಸಿರಿನ ಜತೆ ನೀರು ಒಳಗೆ ಹೋದರೆ ಮುಗಿಯಿತು. ಚಳಿಗಾಲದಲ್ಲಿ ಒಬ್ಬರೇ ದೋಣಿ ಇಳಿಸಬೇಡಿ. ದಯವಿಟ್ಟು.

## ಲೂರ್‌ಗಳು

ಯಾವ ನೀರಿನ ಬಿಸಿಗೆ ಯಾವ ಲೂರ್? ಒಂದು ಅಂದಾಜು ಹೇಳಿ

ದೋಣಿ ಇಲ್ಲದಿದ್ದರೆ ಹತ್ತು ಡಾಲರಿನ ಅಕ್ವೇರಿಯಂ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಇಳಿಸಿ. ಗಾಳಿಯ ಚಳಿ ನೋಡಿ ಲೂರ್ ಆರಿಸಬೇಡಿ, ನೀರಿನದು ಮುಖ್ಯ.

ನೀರು 55 ಡಿಗ್ರಿ ಫ್ಯಾರನ್‌ಹೀಟ್ ಮೇಲಿದ್ದರೆ, ಅಂದರೆ 13 ಸೆಲ್ಸಿಯಸ್ ದಾಟಿದ್ದರೆ, ಮೀನು ಇನ್ನೂ ಚುರುಕು. ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್, ಅಂದರೆ ಎಳೆದಾಗ ನಡುಗುವ ಗಟ್ಟಿ ಮೀನಿನಾಕಾರದ ಲೂರ್, ನಡೆಯುತ್ತದೆ. 45ರಿಂದ 55ರ ಮಧ್ಯೆ, ಸುಮಾರು 7ರಿಂದ 13 ಸೆಲ್ಸಿಯಸ್, ಜರ್ಕ್‌ಬೇಟ್ ಮತ್ತು ಜಿಗ್. ಉತ್ತರ ಟೆಕ್ಸಸ್‌ನ ಜನವರಿಯ ಬಹುಪಾಲು ದಿನ ಇದೇ. 45ಕ್ಕಿಂತ ಕೆಳಗೆ ಹೋದರೆ ಬ್ಲೇಡ್ ಬೇಟ್, ಸ್ಪೂನ್, ನೆಡ್ ರಿಗ್. ಇವು ಏನೇನು ಅನ್ನುವುದು ಮುಂದಿನ ಪ್ರಶ್ನೆಗಳಲ್ಲಿದೆ. ಇದು ಗೆರೆ ಕೊರೆದ ನಿಯಮವಲ್ಲ. ಎರಡು ಮೂರು ದಿನ ಬಿಸಿಲು ಕಾಯ್ದಿದ್ದರೆ ಒಂದು ಮೆಟ್ಟಿಲು ಮೇಲಿನದು ನಡೆಯುತ್ತದೆ, ಉತ್ತರದ ಗಾಳಿ ಬೀಸಿ ಹೋದ ಮಾರನೇ ದಿನ ಒಂದು ಮೆಟ್ಟಿಲು ಕೆಳಗಿನದು.

ಜಿಗ್ ಅಂದ್ರೆ ಏನು? ಎಲ್ಲರೂ ಅದನ್ನೇ ಹೇಳ್ತಾರೆ

ಸೀಸ ಅಥವಾ ಟಂಗ್‌ಸ್ಟನ್ ತಲೆಯ ಒಂದೇ ಕೊಕ್ಕೆ, ಅದರ ಸುತ್ತ ರಬ್ಬರಿನ ಎಳೆಗಳ ಲಂಗ, ಹಿಂದೆ ಸಿಕ್ಕಿಸಿದ ಪ್ಲಾಸ್ಟಿಕ್ ತುಂಡು. ನೆಲದ ಮೇಲೆ ತೆವಳುವ ಕ್ರಾಫಿಶ್‌ನ ನಕಲು. ಚಳಿಗಾಲದಲ್ಲಿ ಒಂದೇ ಲೂರ್ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ತೂಕ 3/8ರಿಂದ 1/2 ಔನ್ಸ್. ಸ್ವಲ್ಪ ತಿಳಿಯಾದ ನೀರಿಗೆ ಗ್ರೀನ್ ಪಂಪ್‌ಕಿನ್ ಅನ್ನುವ ಹಸಿರು ಮಿಶ್ರಿತ ಕಂದು, ಕೆಂಪು ಮಣ್ಣಿನ ನೀರಿಗೆ ಕಪ್ಪು-ನೀಲಿ. ಹಿಂದಿನ ತುಂಡು ಜಾಸ್ತಿ ಬಡಿದಾಡುವಂಥದ್ದು ಬೇಡ, ಸುಮ್ಮನಿರುವಂಥದ್ದು ಸಾಕು.

ಎಸೆದು ತಳ ಮುಟ್ಟುವ ತನಕ ಬಿಡಿ. ದಾರ ಸಡಿಲವಾದಾಗ ತಳ ಸಿಕ್ಕಿತು ಅಂತ. ಆಮೇಲೆ ರಾಡಿನಿಂದ ಒಂದು ಗೇಣು ಎಳೆಯಿರಿ, ನಿಲ್ಲಿಸಿ, ಸಡಿಲ ಸುತ್ತಿಕೊಳ್ಳಿ, ಕಾಯಿರಿ. ಕಲ್ಲು ಸಿಕ್ಕರೆ ಟಕ್ ಅನ್ನುತ್ತದೆ. ಮರ ಸಿಕ್ಕರೆ ಮೆತ್ತಗೆ ತಡೆದು ಏರಿ ಜಾರುತ್ತದೆ. ಮೀನು ಇದೆರಡೂ ಅಲ್ಲ. ಬಾವಿಯಿಂದ ಕೊಡ ಸೇದುವಾಗ ಹಗ್ಗಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡ ಹಾಗೆ ಒಂದು ಮೆತ್ತನೆ ಭಾರ. ಕೆಲವು ಸಲ ಅದೂ ಇಲ್ಲ, ನೀರಿನ ಮೇಲಿನ ದಾರ ಒಂದಿಂಚು ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಅನುಮಾನ ಬಂದ ತಕ್ಷಣ ಎತ್ತಿ. ಹತ್ತರಲ್ಲಿ ಏಳು ಸಲ ಕೊಂಬೆಯೇ ಇರಲಿ, ಪರವಾಗಿಲ್ಲ.

ಜರ್ಕ್‌ಬೇಟ್ ತಗೊಂಡೆ, ಎಳೆದೂ ಎಳೆದೂ ಸುಸ್ತಾದೆ. ಒಂದೂ ಬೀಳಲಿಲ್ಲ. ಏನು ತಪ್ಪು?

ಎಳೆದದ್ದು ಜಾಸ್ತಿಯಾಯಿತು. ಜರ್ಕ್‌ಬೇಟ್ ಅಂದರೆ ಜಗ್ಗಿ ಆಡಿಸುವ ಉದ್ದನೆಯ ಮೀನಿನಾಕಾರದ ಲೂರ್, ಅದಕ್ಕೆ ಮೀನು ಬೀಳುವುದು ಜಗ್ಗುವುದನ್ನು ನಿಲ್ಲಿಸಿದಾಗ. ಇದಕ್ಕೆ ಕಾರಣ ಗೊತ್ತಾದರೆ ಕೈ ತಾನಾಗಿ ನಿಲ್ಲುತ್ತದೆ. ಇಲ್ಲಿನ ಥ್ರೆಡ್‌ಫಿನ್ ಶ್ಯಾಡ್ ಚಳಿ ತಾಳದ ಮೀನು. ನೀರು 45ರ ಹತ್ತಿರ ಬಂದರೆ ಸಾಯತೊಡಗುತ್ತದೆ. ಸಾಯುವ ಶ್ಯಾಡ್ ಎರಡು ಸಲ ಒದ್ದಾಡಿ, ಅಲ್ಲೇ ತೇಲಿಕೊಂಡು ನಿಂತು, ಮತ್ತೆ ಒಂದು ಸಲ ಒದ್ದಾಡುತ್ತದೆ. ಬ್ಯಾಸ್‌ಗೆ ಅದು ಕಷ್ಟವಿಲ್ಲದ ಊಟ. ನಾವು ಮಾಡಬೇಕಾದ ನಾಟಕವೂ ಅದೇ.

ಸಸ್ಪೆಂಡಿಂಗ್, ಅಂದರೆ ಮುಳುಗದೆ ತೇಲದೆ ನೀರಿನ ಮಧ್ಯೆ ನಿಲ್ಲುವುದು, ಅಂತ ಬರೆದಿರುವುದನ್ನೇ ಕೊಳ್ಳಿ, ಮೆಗಾಬ್ಯಾಸ್ ವಿಷನ್ 110, ರಪಾಲಾ ಹಸ್ಕಿ ಜರ್ಕ್ ಥರದ್ದು. ಎಸೆದು, ಐದಾರು ಸುತ್ತು ಸುತ್ತಿ ಆಳಕ್ಕೆ ಇಳಿಸಿ. ರಾಡಿನ ತುದಿ ಕೆಳಗಿಟ್ಟು ಎರಡು ಸಲ ಜಗ್ಗಿ, ಕೂಡಲೇ ದಾರ ಸಡಿಲ ಬಿಡಿ. ಈಗ ಎಣಿಸಿ. 50 ಡಿಗ್ರಿ ನೀರಾದರೆ ಹತ್ತು, 45 ಆದರೆ ಇಪ್ಪತ್ತು. ಬಾಯಿಬಿಟ್ಟು ಎಣಿಸಿ, ಮನಸ್ಸಿನಲ್ಲಿ ಎಣಿಸಿದರೆ ಇಪ್ಪತ್ತು ಅನ್ನುವುದು ಎಂಟಕ್ಕೇ ಬಂದುಬಿಡುತ್ತದೆ.

ಸಸ್ಪೆಂಡಿಂಗ್ ಅಂತ ಬರ್ದಿದ್ರೂ ಮೇಲಕ್ಕೆ ತೇಲುತ್ತಲ್ಲ?

ನೀರು 4 ಡಿಗ್ರಿ ಸೆಲ್ಸಿಯಸ್ ಕಡೆಗೆ ತಣ್ಣಗಾಗುತ್ತಾ ಹೋದಂತೆ ದಟ್ಟವಾಗುತ್ತದೆ. ಅಂಗಡಿಯಿಂದ ತಂದು ಬಕೆಟ್ಟಿನ ಸಾಧಾರಣ ನೀರಲ್ಲಿ ನಿಂತ ಲೂರ್, ಜನವರಿಯ ಕೆರೆಯಲ್ಲಿ ಮೇಲಕ್ಕೆ ಏರುತ್ತದೆ. ಮುಂದಿನ ಕೊಕ್ಕೆಯ ಕಡ್ಡಿಗೆ ಸೋಲ್ಡರಿಂಗ್ ತಂತಿಯನ್ನು ಎರಡು ಮೂರು ಸುತ್ತು ಸುತ್ತಿ. ದಡದ ಪಕ್ಕದ ನೀರಲ್ಲೇ ಬಿಟ್ಟು ನೋಡಿ. ಮೂಗು ಚೂರು ಕೆಳಗೆ ಮಾಡಿ, ಇದ್ದಲ್ಲೇ ಇದ್ದರೆ ಸರಿ. ಜಾಸ್ತಿ ಆಯಿತಾ, ಕತ್ತರಿಯಲ್ಲಿ ಒಂದು ಸುತ್ತು ಕತ್ತರಿಸಿ. ಹತ್ತು ನಿಮಿಷದ ಕೆಲಸ. ಇಡೀ ದಿನದ ವ್ಯತ್ಯಾಸ ಇದರಲ್ಲೇ ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬ್ಲೇಡ್ ಬೇಟ್, ಸ್ಪೂನ್ ಎರಡೂ ಲೋಹದ ತಗಡೇ ಅಲ್ವಾ? ಎರಡೂ ಬೇಕಾ?

ಬ್ಲೇಡ್ ಬೇಟ್ ಮೇಲಕ್ಕೆತ್ತಿದಾಗ ನಡುಗುತ್ತದೆ, ಆ ನಡುಕ ಕೈಗೆ ತಿಳಿಯುತ್ತದೆ. ಎಸೆದು, ನಡುಕ ಶುರುವಾಗುವಷ್ಟು ಮಾತ್ರ ಎತ್ತಿ, ಬಿಗಿ ದಾರದಲ್ಲಿ ಇಳಿಸಬೇಕು. ಸ್ಪೂನ್ ಬೀಳುವಾಗ ಮಿಂಚುತ್ತದೆ. ದೋಣಿಯ ಕೆಳಗೇ ಮೀನಿದ್ದಾಗ ನೇರ ಇಳಿಸಲು ಅದು. ದಡದಿಂದ ಹಿಡಿಯುವವರಿಗೆ ಅರ್ಧ ಔನ್ಸ್ ಬ್ಲೇಡ್ ಒಂದು ಸಾಕು.

ನೆಡ್ ರಿಗ್ ಅಂತಾರಲ್ಲ, ಅಷ್ಟು ಚಿಕ್ಕದಕ್ಕೆ ದೊಡ್ಡ ಮೀನು ಬರುತ್ತಾ?

ಬರುತ್ತದೆ. ಅಣಬೆ ಆಕಾರದ ಪುಟ್ಟ ಸೀಸದ ತಲೆ, 1/16ರಿಂದ 1/10 ಔನ್ಸ್, ಅದಕ್ಕೆ ಕಿರುಬೆರಳುದ್ದದ ಪ್ಲಾಸ್ಟಿಕ್ ಕಡ್ಡಿ. ಕ್ಯಾನ್ಸಸ್‌ನ ಮೀನುಗಾರಿಕೆ ಬರಹಗಾರ ನೆಡ್ ಕೆಹ್ಡೆ ಅವರ ಹೆಸರೇ ಇದಕ್ಕೆ ನಿಂತಿದೆ. ತೇಲುವ ಪ್ಲಾಸ್ಟಿಕ್ ಆದರೆ ತಳದಲ್ಲಿ ಬಾಲ ಮೇಲೆತ್ತಿ ನಿಲ್ಲುತ್ತದೆ, ನಾವೇನೂ ಮಾಡದಿದ್ದರೂ ಅಲುಗುತ್ತದೆ. ಏನೂ ಬೀಳದ ದಿನ, ಮಕ್ಕಳ ಕೈಗೆ ಕೊಡಲು, ಇದಕ್ಕಿಂತ ಒಳ್ಳೆಯದಿಲ್ಲ.

ಫೆಬ್ರವರೀಲಿ ಎಲ್ಲರೂ ಕೆಂಪು ಲೂರ್ ಹಾಕ್ತಾರೆ, ಯಾಕೆ?

ಕೆಂಪು ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್ ಟೆಕ್ಸಸ್‌ನ ಹಳೇ ನಂಬಿಕೆ, ರ‍್ಯಾಟ್-ಎಲ್-ಟ್ರ್ಯಾಪ್ ಕಾಲದಿಂದ. ಕ್ರಾಫಿಶ್ ಬಣ್ಣ ಅದು. ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ ಬ್ಯಾಸ್ ಆಳದಿಂದ ಕಳೆ ಬೆಳೆದ ಆಳವಿಲ್ಲದ ಜಾಗಕ್ಕೆ ಬರುತ್ತವೆ. ಲೂರನ್ನು ಕಳೆಗೆ ಸಿಕ್ಕಿಸಿ, ಪಟ್ಟನೆ ಕಿತ್ತು, ಬೀಳಲು ಬಿಡಿ. ಕಿತ್ತ ಮರುಕ್ಷಣ ಕಚ್ಚುತ್ತದೆ. ಚಳಿಗಾಲದ ಉಳಿದೆಲ್ಲ ನಿಧಾನಕ್ಕೆ ಇದೊಂದು ಹೊರತು, ಆದರೆ ನೀರು 50 ದಾಟಿರಬೇಕು.

## ಸ್ವಲ್ಪ ಪಳಗಿದವರಿಗೆ

ದೋಣಿ ಇಲ್ಲ. ದಡದಲ್ಲಿ ಎಲ್ಲಿ ನಿಲ್ಲಲಿ?

ಆಳ ದಡಕ್ಕೆ ಹತ್ತಿರ ಬರುವ ಕಡೆ. ಅಣೆಕಟ್ಟಿನ ಕಲ್ಲು, ಸೇತುವೆಯ ಬುಡ, ದೋಣಿ ಇಳಿಸುವ ಜಾಗದ ಪಕ್ಕ. ಉತ್ತರ ದಿಕ್ಕಿನ ದಡಕ್ಕೆ ದಿನವಿಡೀ ಬಿಸಿಲು ಬೀಳುತ್ತದೆ, ಉತ್ತರದ ಗಾಳಿಯೂ ತಾಗುವುದಿಲ್ಲ. ಕಲ್ಲು ಬಿಸಿಲಿಗೆ ಕಾದು ಪಕ್ಕದ ನೀರನ್ನು ಚೂರು ಬೆಚ್ಚಗೆ ಮಾಡುತ್ತದೆ. ಬೆಳಗಿನ ಐದಕ್ಕೆ ಏಳಬೇಕಾಗಿಲ್ಲ, ಮಧ್ಯಾಹ್ನ ಎರಡರಿಂದ ಸಂಜೆಯ ತನಕ ಒಳ್ಳೇ ಹೊತ್ತು. ನೀರಿನ ಮೇಲೆ ಗಲ್ ಹಕ್ಕಿಗಳು ಒಂದೇ ಕಡೆ ಮುಳುಗಿ ಏಳುತ್ತಿದ್ದರೆ ಕೆಳಗೆ ಶ್ಯಾಡ್ ಹಿಂಡಿದೆ ಅಂತ.

ಆಸ್ಟಿನ್, ಹ್ಯೂಸ್ಟನ್ ಕಡೆಯವರಿಗೆ ಲಾ ಗ್ರ್ಯಾಂಜ್ ಬಳಿಯ ಫಯೆಟ್ ಕೌಂಟಿ ಕೆರೆ ಇದೆ. ವಿದ್ಯುತ್ ಸ್ಥಾವರದ ಬಿಸಿನೀರು ಸೇರುವುದರಿಂದ ಜನವರಿಯಲ್ಲೂ ಅಲ್ಲಿ ನೀರು ಬೆಚ್ಚಗಿರುತ್ತದೆ.

ಲೇಕ್ ಫೋರ್ಕ್‌ನಲ್ಲಿ ಹಿಡಿದದ್ದನ್ನ ಮನೆಗೆ ತರಬಹುದಾ?

ಅಳೆದು ನೋಡಿ. ಅಲ್ಲಿ 16ರಿಂದ 24 ಇಂಚಿನ ನಡುವಿನ ಬ್ಯಾಸನ್ನು ಬಿಡಲೇಬೇಕು. ದಿನಕ್ಕೆ ಐದು, ಅದರಲ್ಲಿ 24 ಇಂಚು ಮತ್ತು ಮೇಲಿನದು ಒಂದೇ. ಬೇರೆ ಹೆಚ್ಚಿನ ಕೆರೆಗಳಲ್ಲಿ ಕನಿಷ್ಠ 14 ಇಂಚು ಇರಬೇಕು. ಟೆಕ್ಸೋಮಾ ಕೆರೆ ಎರಡು ರಾಜ್ಯಗಳದ್ದು. ಟೆಕ್ಸಸ್ ಲೈಸೆನ್ಸ್ ಟೆಕ್ಸಸ್ ಬದಿಗೆ ಮಾತ್ರ. ಇಡೀ ಕೆರೆಗೆ ಬೇರೆ ಲೈಸೆನ್ಸ್ ಸಿಗುತ್ತದೆ. ಇನ್ನೊಂದು ಮಾತು: ಟೆಕ್ಸಸ್‌ನಲ್ಲಿ ಝೀಬ್ರಾ ಮಸಲ್ ಅನ್ನುವ ಚಿಪ್ಪುಹುಳು ಮೊದಲು ಕಂಡದ್ದು 2009ರಲ್ಲಿ, ಟೆಕ್ಸೋಮಾದಲ್ಲೇ. ದೋಣಿಯ ನೀರನ್ನು ಪೂರ್ತಿ ಖಾಲಿ ಮಾಡಿಯೇ ಹೊರಡಬೇಕು, ಅದು ಕಾನೂನು.

ಊರಿಗೆ ಹೋಗುವಾಗ ಇದೇ ರಾಡ್, ಲೂರ್ ಕಾವೇರಿಗೆ ಒಯ್ಯಬಹುದಾ?

ಮೊದಲು ಕಾನೂನು. ಭೀಮೇಶ್ವರಿ, ಗಾಳಿಬೋರೆ ಕಡೆ ಹಿಂದೆ ಮಹಶೀರ್ ಅನ್ನುವ ದೊಡ್ಡ ನದಿ ಮೀನು ಹಿಡಿಯಲು ಹೊರದೇಶದಿಂದಲೂ ಜನ ಬರುತ್ತಿದ್ದರು. ಈಗ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವಂತಿಲ್ಲ. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿಗೆ ಬಂದಿರುವ ಮೀನು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2018ರಲ್ಲಿ ಅದನ್ನು ಅತಿ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತು.

ಸಾಮಾನಿನ ಮಾತಿಗೆ ಬಂದರೂ ಹೊಂದುವುದಿಲ್ಲ. ಮೈಸೂರಿನ ವ್ಯಾನ್ ಇಂಗನ್ ಮನೆತನದವರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ಇತ್ತು. 8 ಪೌಂಡ್ ದಾರ ಅದಕ್ಕೆ ನೂಲಿನ ಎಳೆ. ಬ್ಯಾಸ್ ಲೂರಿನ ತೆಳು ಕೊಕ್ಕೆಯನ್ನು ಮಹಶೀರ್ ಬಾಯಲ್ಲಿ ಅಗಿದು ಚಪ್ಪಟೆ ಮಾಡುತ್ತದೆ. ಅಲ್ಲಿ ನಮ್ಮವರು ಹಾಕುತ್ತಿದ್ದದ್ದು ರಾಗಿ ಮುದ್ದೆಯ ಉಂಡೆ, ಲಿಂಬೆಹಣ್ಣಿನ ಗಾತ್ರದ್ದು, ಗಟ್ಟಿಯಾಗಿ ಬೇಯಿಸಿದ್ದು. ರಾಡ್ ಇಲ್ಲೇ ಬಿಟ್ಟು ಹೋಗಿ. ಹಾಗೇ ನಿಲ್ಲಿಸುವ ಮುಂಚೆ ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿತದ ತಿರುಪು, ಸಡಿಲ ಮಾಡಿಡಿ, ಬಿಗಿಯಾಗಿಯೇ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.